ತಾಣ, ಠಾಣೆ, ಥಾಣೆ

ನೋಡಲು ಹೋಗುವ ಜಾಗಕ್ಕೆ ಕನ್ನಡದಲ್ಲಿ ‘ಪ್ರವಾಸಿ ತಾಣ’ ಎನ್ನುತ್ತಾರೆ. ದೂರು ಕೊಡಲು ಹೋಗುವ ಜಾಗ ‘ಪೊಲೀಸ್ ಠಾಣೆ’. ಮುಂಬಯಿಯಿಂದ ಮಧ್ಯ ರೈಲ್ವೆಯ ಲೋಕಲ್ ಹಿಡಿದರೆ ಸುಮಾರು ಒಂದು ಗಂಟೆಯಲ್ಲಿ ಸಿಗುವ ಊರು ಥಾಣೆ. ಮೂರಕ್ಕೂ ಮೂಲ ಒಂದೇ, ಸಂಸ್ಕೃತದ ‘ಸ್ಥಾನ’. ‘ತಾಣ’ ಅದರ ತದ್ಭವವಾಗಿ ಕನ್ನಡದಲ್ಲಿ ಬಹಳ ಹಿಂದೆಯೇ ನೆಲೆಯಾಯಿತು. ‘ಠಾಣೆ’ ಮರಾಠಿ ಮತ್ತು ಹಿಂದೂಸ್ತಾನಿಯ ಆಡಳಿತದ ಮಾತಿನ ಜೊತೆ ಬಂತು. ಊರಿನ ಹೆಸರು ಶಿಲಾಹಾರರ ಶಾಸನಗಳಲ್ಲಿ ‘ಶ್ರೀಸ್ಥಾನಕ’ ಎಂದಿದೆ. ನಿಲ್ಲುವ ಜಾಗ, ಕಾವಲಿನ ಜಾಗ, ನೆಲೆಸುವ ಜಾಗ ಎಂಬ ಮೂರೂ ಅರ್ಥಗಳು ಈ ಒಂದು ಊರಿನ ಚರಿತ್ರೆಯಲ್ಲಿ ಸರದಿಯಂತೆ ಬಂದು ಹೋಗಿವೆ.

ಇವತ್ತು ಥಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿ ಮುಂಬಯಿಯ ಸುತ್ತ ಮೂರು ದಿನದ ಪ್ರವಾಸ ಹಾಕಿಕೊಳ್ಳುವುದು ಕಷ್ಟವೇನಲ್ಲ. ಮೊದಲ ದಿನ ಬೆಳಿಗ್ಗೆ ಖಾರ್‌ಘರ್ ಕಣಿವೆಯಲ್ಲಿ ಗಾಲ್ಫ್, ಮಧ್ಯಾಹ್ನದ ಮೇಲೆ ಥಾಣೆ ಖಾಡಿಯಲ್ಲಿ ಫ್ಲೆಮಿಂಗೊ. ಮರುದಿನ ಕನ್ಹೇರಿ ಗುಹೆಗಳು. ಮೂರನೆಯ ದಿನ ಕಲ್ಯಾಣ ದಾಟಿ ಅಂಬರನಾಥದ ಶಿವಾಲಯ. ಉಳಿದುಕೊಳ್ಳಲು ವಾಶಿಯಲ್ಲೋ ಬೇಲಾಪುರದಲ್ಲೋ ಥಾಣೆಯ ಘೋಡ್‌ಬಂದರ್ ರಸ್ತೆಯಲ್ಲೋ ಒಂದು ಒಳ್ಳೆಯ ಹೋಟೆಲು. ಇಂಥ ಯೋಜನೆ ಹಾಕುವವರು ಎಲ್ಲಕ್ಕಿಂತ ಮೊದಲು ಕೇಳುವ ಪ್ರಶ್ನೆ, ಎಲ್ಲಿ ತಂಗುವುದು ಎಂಬುದು. ಈ ನೆಲ ಆ ಪ್ರಶ್ನೆಗೆ ಎರಡು ಸಾವಿರ ವರ್ಷಗಳಿಂದ ಉತ್ತರ ಕೊಡುತ್ತಲೇ ಬಂದಿದೆ. ಉತ್ತರದ ಬೆನ್ನಿಗೇ ಬರುವ ಇನ್ನೊಂದು ಪ್ರಶ್ನೆಯನ್ನು ಮಾತ್ರ ಪ್ರವಾಸಿಗಳು ಸಾಮಾನ್ಯವಾಗಿ ಕೇಳುವುದಿಲ್ಲ: ಬಂದವರ ತಾಣಕ್ಕೆ ಖರ್ಚು ಕೊಟ್ಟವರು ಯಾರು, ಜಾಗ ಬಿಟ್ಟವರು ಯಾರು?

ಕಲ್ಲಿನಲ್ಲಿ ಕೆತ್ತಿದ ಲೆಕ್ಕ

ಕನ್ಹೇರಿ ಗುಹೆಗಳು ಇಂದಿನ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಒಳಗಿವೆ. ಈ ಕಾಡಿನ ಒಂದು ಅಂಚು ಬೊರಿವಲಿ, ಇನ್ನೊಂದು ಅಂಚು ಥಾಣೆ. ನೂರಕ್ಕೂ ಹೆಚ್ಚು ಗುಹೆಗಳಿರುವ ಈ ಬೆಟ್ಟ ಬೌದ್ಧ ಭಿಕ್ಷುಗಳ ವಸತಿಯಾಗಿತ್ತು. ಹೆಚ್ಚಿನವು ದೊಡ್ಡ ಶಿಲ್ಪವಿಲ್ಲದ ಸಣ್ಣ ಕೋಣೆಗಳು. ಎದುರಿಗೊಂದು ಜಗಲಿ, ಒಳಗೆ ಕೂರಲು, ಮಲಗಲು ಕಲ್ಲಿನ ಕಟ್ಟೆ, ಪಕ್ಕದಲ್ಲಿ ಮಳೆನೀರು ಹಿಡಿದಿಡುವ ತೊಟ್ಟಿ. ಬೆಟ್ಟದ ಮೇಲೆ ಬಿದ್ದ ನೀರು ಕಡಿದ ಕಾಲುವೆಗಳಲ್ಲಿ ಹರಿದು ಒಂದೊಂದು ತೊಟ್ಟಿಯನ್ನೂ ತುಂಬುವ ಏರ್ಪಾಡನ್ನು ಇಂದಿಗೂ ನೋಡಬಹುದು. ಕೊಂಕಣದ ಮಳೆಗಾಲದಲ್ಲಿ ಭಿಕ್ಷುಗಳು ಊರೂರು ಅಲೆಯುವಂತಿರಲಿಲ್ಲ. ಮಳೆ ನಿಲ್ಲುವವರೆಗೆ ಒಂದೆಡೆ ತಂಗಬೇಕೆಂಬುದು ಸಂಘದ ನಿಯಮ. ಗುಹೆಗಳು ಆ ನಿಯಮಕ್ಕೆ ಸಿಕ್ಕ ಉತ್ತರ.

ಖರ್ಚು ಯಾರದು ಎಂಬುದು ಇಲ್ಲಿ ಗುಟ್ಟಲ್ಲ, ಗೋಡೆಯ ಮೇಲೆಯೇ ಬರೆದಿದೆ. ಕಲ್ಯಾಣದ ವ್ಯಾಪಾರಿಗಳು, ಸೋಪಾರದವರು, ನಾಸಿಕದವರು ತಮ್ಮ ಹೆಸರು, ಊರು, ಕೊಟ್ಟ ದಾನವನ್ನು ಕೆತ್ತಿಸಿದ್ದಾರೆ. ಒಬ್ಬರು ಕೋಣೆ ಕಡಿಸಿದರೆ ಇನ್ನೊಬ್ಬರು ನೀರಿನ ತೊಟ್ಟಿ ಮಾಡಿಸಿದರು.

ಕನ್ನಡದ ಓದುಗರು ಇಲ್ಲಿ ಸ್ವಲ್ಪ ನಿಲ್ಲಬೇಕು. ಒಂಬತ್ತನೆಯ ಶತಮಾನದ ಮೂರು ಶಾಸನಗಳು, ಶಕ 765, 775 ಮತ್ತು 799ರವು, ಅಂದರೆ ಸುಮಾರು 843ರಿಂದ 878ರ ನಡುವಿನವು, ಮೇಲಿನ ದೊರೆಯಾಗಿ ಹೆಸರಿಸುವುದು ರಾಷ್ಟ್ರಕೂಟ ಅಮೋಘವರ್ಷನನ್ನು. ಮಾನ್ಯಖೇಟದಲ್ಲಿ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ಆಳುತ್ತಿದ್ದ ನೃಪತುಂಗ ಇವನೇ. ಕನ್ನಡದಲ್ಲಿ ದೊರೆತ ಮೊದಲ ಕೃತಿ ‘ಕವಿರಾಜಮಾರ್ಗ’ ಹುಟ್ಟಿದ್ದು ಇವನ ಆಸ್ಥಾನದಲ್ಲಿ. ಕೊಂಕಣವನ್ನು ಅವನ ಪರವಾಗಿ ನೋಡಿಕೊಳ್ಳುತ್ತಿದ್ದವರು ಶಿಲಾಹಾರರು: ಮೊದಲು ಪುಲ್ಲಶಕ್ತಿ, ಆಮೇಲೆ ಕಪರ್ದಿ. ಶಾಸನಗಳಲ್ಲಿ ಕನ್ಹೇರಿಯ ಹೆಸರು ಕೃಷ್ಣಗಿರಿ.

ಆ ಶಾಸನಗಳಲ್ಲಿ ಯುದ್ಧದ ವರ್ಣನೆಗಿಂತ ವಸತಿಯ ಲೆಕ್ಕವೇ ಮುಖ್ಯ. ವಿಹಾರದ ದುರಸ್ತಿಗೆ, ಭಿಕ್ಷುಗಳ ಬಟ್ಟೆಗೆ, ಪುಸ್ತಕಕ್ಕೆ ಹಣ ಇಟ್ಟ ವಿವರಗಳಿವೆ. ಗೌಡ ದೇಶದಿಂದ, ಎಂದರೆ ಬಂಗಾಳದ ಕಡೆಯಿಂದ ಬಂದ ಅವಿಘ್ನಾಕರ ಎಂಬ ಬುದ್ಧಭಕ್ತ ಧ್ಯಾನಕ್ಕೆಂದು ಕೋಣೆಗಳನ್ನು ಮಾಡಿಸಿ, ಬಟ್ಟೆಯ ಖರ್ಚಿಗೆ ನೂರು ದ್ರಮ್ಮಗಳನ್ನು ಶಾಶ್ವತ ನಿಧಿಯಾಗಿ ಇಟ್ಟ. ಅಸಲು ಮುಟ್ಟದೆ ಬಡ್ಡಿಯಿಂದ ಖರ್ಚು ನಡೆಸುವ ವ್ಯವಸ್ಥೆ ಅದು. ಬಂಗಾಳದ ಭಕ್ತ, ಕೊಂಕಣದ ಗುಹೆ, ಕಲಬುರಗಿ ಕಡೆಯ ದೊರೆ. ಜೈನ ಮುನಿ ಜಿನಸೇನರನ್ನು ಗುರುವೆಂದು ಗೌರವಿಸಿದ ದೊರೆಯ ರಾಜ್ಯದಲ್ಲಿ ಬೌದ್ಧರ ಮಳೆಗಾಲದ ವಸತಿಗೆ ಒಬ್ಬ ಪರದೇಶಿ ದುಡ್ಡು ಕೊಟ್ಟದ್ದು ದಾಖಲಾಗಿದೆ. ಕೊಟ್ಟವನ ಹೆಸರು ಹನ್ನೊಂದೂವರೆ ಶತಮಾನದ ಮೇಲೂ ಓದಲು ಸಿಗುತ್ತದೆ.

ಶಿಲಾಹಾರರ ರಾಷ್ಟ್ರಕೂಟ ನಿಷ್ಠೆ ರಾಜ್ಯ ಮುಳುಗಿದ ಮೇಲೂ ಉಳಿಯಿತು. 973ರಲ್ಲಿ ಚಾಲುಕ್ಯ ತೈಲಪ ರಾಷ್ಟ್ರಕೂಟರನ್ನು ಕೊನೆಗಾಣಿಸಿದ. ಅದಾದ 24 ವರ್ಷಗಳ ಬಳಿಕ, 997ರಲ್ಲಿ, ಶಿಲಾಹಾರ ಅಪರಾಜಿತ ಬರೆಸಿದ ತಾಮ್ರಪಟ ಭಿವಂಡಿ ಸಮೀಪದ ಭಾದಾಣೆಯಲ್ಲಿ ಸಿಕ್ಕಿದೆ. ಅದರಲ್ಲಿ ಅವನು ಹಳೆಯ ಒಡೆಯರ ವಂಶಾವಳಿಯನ್ನು ಕ್ರಮವಾಗಿ ಹೇಳಿ, ಆ ಮನೆತನ ಅಳಿದುದಕ್ಕೆ ಮರುಗುತ್ತಾನೆ. ಹೊಸ ಒಡೆಯನ ಹೆಸರು ಹೇಳುವ ಆತುರ ಅವನಿಗಿಲ್ಲ.

ಬಂದರು, ಅತಿಥಿ, ರೈಲು

ಕನ್ಹೇರಿಯ ಗೋಡೆಗಳಲ್ಲಿ ಮತ್ತೆ ಮತ್ತೆ ಬರುವ ಕಲ್ಯಾಣ ಬಸವಣ್ಣನ ಕಲ್ಯಾಣವಲ್ಲ. ಬೀದರಿನ ಕಲ್ಯಾಣ ಚಾಲುಕ್ಯರ ರಾಜಧಾನಿ. ಇದು ಉಲ್ಹಾಸ್ ನದಿಯ ದಡದ ಬಂದರು. ಮೊದಲ ಶತಮಾನದ ಗ್ರೀಕ್ ಕೈಪಿಡಿ ‘ಪೆರಿಪ್ಲಸ್’ ಇದನ್ನು ಕಲ್ಲಿಯೆನ ಎಂದು ಕರೆಯುತ್ತದೆ. ಹಿಂದೆ ಇದು ಅಧಿಕೃತ ವ್ಯಾಪಾರದ ಊರಾಗಿತ್ತು, ಈಗ ಇಲ್ಲಿಗೆ ಬರುವ ಗ್ರೀಕ್ ಹಡಗುಗಳನ್ನು ಕಾವಲಿನಲ್ಲಿ ಭರೂಚಕ್ಕೆ ಒಯ್ಯಲಾಗುತ್ತದೆ ಎಂದು ಅದರ ಲೇಖಕ ಎಚ್ಚರಿಸುತ್ತಾನೆ. ತಾಣ ಠಾಣೆಯಾದ ಗಳಿಗೆ ಅದು. ಆಳುವವರು ಬದಲಾದರೆ ಅತಿಥಿಯ ಸ್ಥಿತಿಯೂ ಬದಲಾಗುತ್ತದೆ.

1321ರಲ್ಲಿ ಥಾಣೆಗೆ ಬಂದ ನಾಲ್ವರು ಫ್ರಾನ್ಸಿಸ್ಕನ್ ಸಂನ್ಯಾಸಿಗಳ ಕಥೆ ಇನ್ನೂ ಕಠಿಣ. ಚೀನಾಕ್ಕೆ ಹೊರಟಿದ್ದ ಅವರಿಗೆ ಊರಿನ ಒಂದು ನೆಸ್ಟೋರಿಯನ್ ಕ್ರೈಸ್ತ ಕುಟುಂಬ ಮನೆಯಲ್ಲಿ ಇಳಿದುಕೊಳ್ಳಲು ಜಾಗ ಕೊಟ್ಟಿತು. ಆ ಮನೆಯ ಗಂಡ ಹೆಂಡತಿಯನ್ನು ಹೊಡೆದ. ಆಕೆ ಖಾಜಿಯ ಬಳಿ ದೂರು ಕೊಟ್ಟಳು. ಸಾಕ್ಷಿ ಯಾರೆಂಬ ಮಾತು ಬಂದಾಗ ಮನೆಯಲ್ಲಿದ್ದ ಅತಿಥಿಗಳ ವಿಷಯ ಹೊರಬಿತ್ತು. ವಿಚಾರಣೆ ಮನೆಜಗಳದಿಂದ ಧರ್ಮದ ವಾದಕ್ಕೆ ತಿರುಗಿ ನಾಲ್ವರೂ ಕೊಲೆಯಾದರು. ಸ್ವಲ್ಪ ಕಾಲದ ಮೇಲೆ ಇದೇ ದಾರಿಯಲ್ಲಿ ಬಂದ ಓಡೊರಿಕ್ ಎಂಬ ಸಂನ್ಯಾಸಿ ಅವರ ಮೂಳೆಗಳನ್ನು ಎತ್ತಿಕೊಂಡು ಚೀನಾಕ್ಕೆ ಹೋದ. ಅವನ ಪ್ರವಾಸಕಥನದಲ್ಲಿ ಈ ಪ್ರಸಂಗದ ವಿವರವಿದೆ.

ಪೋರ್ಚುಗೀಸರು, 1737ರಲ್ಲಿ ಅವರಿಂದ ಊರನ್ನು ಗೆದ್ದ ಮರಾಠರು, 1774ರಲ್ಲಿ ಇಂಗ್ಲಿಷರು. ಥಾಣೆಯ ಕೋಟೆ ಕೊನೆಗೆ ಸೆರೆಮನೆಯಾಯಿತು, ಈಗಲೂ ಸೆರೆಮನೆಯೇ. ಆದರೆ ಭಾರತದ ಮಟ್ಟಿಗೆ ಥಾಣೆಯನ್ನು ಪ್ರವಾಸಿ ತಾಣವಾಗಿಸಿದ ದಿನ 1853ರ ಏಪ್ರಿಲ್ 16. ಅಂದು ಮಧ್ಯಾಹ್ನ ಮೂರೂವರೆಗೆ ಬೋರಿಬಂದರಿನಿಂದ 14 ಡಬ್ಬಿಗಳ ರೈಲು 400 ಮಂದಿಯನ್ನು ಹೊತ್ತು 34 ಕಿಲೋಮೀಟರ್ ದೂರದ ಥಾಣೆಗೆ ಹೊರಟಿತು. ದೇಶದ ಮೊದಲ ಪ್ರಯಾಣಿಕ ರೈಲಿನಲ್ಲಿ ಕೆಲಸಕ್ಕೆಂದು ಹೊರಟವರು ಯಾರೂ ಇರಲಿಲ್ಲ. ಅದು ಆಹ್ವಾನಿತರ ವಿಹಾರ. ಮರುದಿನ ಜಮ್ಶೆಟ್‌ಜಿ ಜೀಜಿಭಾಯ್ ತಮಗೂ ತಮ್ಮವರಿಗೂ ಎಂದು ಇಡೀ ರೈಲನ್ನು ಗೊತ್ತುಮಾಡಿಕೊಂಡು ಥಾಣೆಗೆ ಹೋಗಿ ಬಂದರು. ಮುಂದಿನ ವರ್ಷ ಮೇ ತಿಂಗಳಲ್ಲಿ ಹಳಿ ಕಲ್ಯಾಣ ಮುಟ್ಟಿತು. ವಿಹಾರಕ್ಕೆಂದು ಆರಂಭವಾದ ದಾರಿಯಲ್ಲಿ ಇಂದು ಡೊಂಬಿವಲಿ, ಕಲ್ಯಾಣಗಳಿಂದ ಲಕ್ಷಾಂತರ ಜನ ಬಾಗಿಲಿಗೆ ಜೋತುಬಿದ್ದು ಕೆಲಸಕ್ಕೆ ಹೋಗುತ್ತಾರೆ.

ಉಡುಪಿಯವರ ಹಲಗೆ

ಆ ರೈಲಿನ ಆಸುಪಾಸಿನಲ್ಲೇ ಕನ್ನಡಿಗರು ಈ ಸೀಮೆಗೆ ಅತಿಥಿಗಳಾಗಿ ಬಂದು ಅತಿಥೇಯರಾದರು. 1942ರಲ್ಲಿ ಎ. ರಾಮ ನಾಯಕ್ ಮಾಟುಂಗಾ ನಿಲ್ದಾಣದ ಬಳಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಇಡ್ಲಿ, ದೋಸೆಯ ಹೋಟೆಲುಗಳು ಹಳಿಯ ಜೊತೆ ಉತ್ತರಕ್ಕೆ, ಪೂರ್ವಕ್ಕೆ ಸಾಗಿ ಥಾಣೆ, ಡೊಂಬಿವಲಿ, ಕಲ್ಯಾಣ ತಲುಪಿದವು. ದಕ್ಷಿಣ ಕನ್ನಡ ಮತ್ತು ಉಡುಪಿ ಕಡೆಯಿಂದ ಹೊರಟ ಹುಡುಗನಿಗೆ ಎಲ್ಲಿ ತಂಗುವುದು ಎಂಬ ಪ್ರಶ್ನೆಗೆ ಇದ್ದ ಉತ್ತರ ಒಂದೇ: ಕೆಲಸ ಮಾಡುವ ಹೋಟೆಲೇ ಮನೆ. ಗಿರಾಕಿಗಳು ಹೋದ ಮೇಲೆ ಮೇಜುಗಳನ್ನು ಸೇರಿಸಿ ಮೇಲೊಂದು ಚಾಪೆ ಹಾಸಿದರೆ ಹಾಸಿಗೆ. ಹಗಲು ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಕಲಿತವರ ಸಂಖ್ಯೆ ದೊಡ್ಡದು. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳ ಚರಿತ್ರೆ ಅವರದೇ ಚರಿತ್ರೆ. ಮುಂದೆ ಅವರು ಮನೆ ಮಾಡಿದಾಗ ಬಾಡಿಗೆ ಕೈಗೆಟುಕುತ್ತಿದ್ದುದು ಡೊಂಬಿವಲಿಯಂಥ ದೂರದ ಊರುಗಳಲ್ಲಿ. ಅಲ್ಲಿನ ಕರ್ನಾಟಕ ಸಂಘ ನಡೆಸುವ ಮಂಜುನಾಥ ವಿದ್ಯಾಲಯ ಆ ನೆಲೆಸುವಿಕೆಯ ಗುರುತು. ಸಂಘ ಕಟ್ಟಿದವರು ಯಕ್ಷಗಾನಕ್ಕೆ, ನಾಟಕಕ್ಕೆ ಮಾತ್ರ ಕಟ್ಟಲಿಲ್ಲ, ಮಕ್ಕಳಿಗೊಂದು ಶಾಲೆ ಬೇಕಿತ್ತು.

ಈ ವಲಸೆಯ ಹಿಂದೆ ಕರಾವಳಿಯ ನೆಲದ ಲೆಕ್ಕವೂ ಇದೆ. 1974ರಲ್ಲಿ ದೇವರಾಜ ಅರಸರ ಸರಕಾರ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ತಂದು ಗೇಣಿದಾರರಿಗೆ ಭೂಮಿ ಸಿಗುವಂತೆ ಮಾಡಿತು. ಗೇಣಿ ಹೆಚ್ಚಾಗಿದ್ದ ದಕ್ಷಿಣ ಕನ್ನಡದಲ್ಲಿ ಅದರ ಪರಿಣಾಮ ಆಳವಾಗಿತ್ತು. ಉಳುವವರು ಒಡೆಯರಾದರು, ಗುತ್ತಿನ ಮನೆಗಳ ಅನೇಕ ಮಕ್ಕಳಿಗೆ ಊರಿನಲ್ಲಿ ಹಿಂದಿನ ಆಸರೆ ಉಳಿಯಲಿಲ್ಲ. ಮೊದಲೇ ಹೋಟೆಲಿನ ದಾರಿ ತುಳಿದಿದ್ದ ಬಂಧುಗಳ ಬೆನ್ನು ಹಿಡಿದು ಅವರಲ್ಲಿ ಹಲವರು ಮುಂಬಯಿಯ ಬಸ್ಸು ಹತ್ತಿದರು.

ಅದೇ ದಶಕದಲ್ಲಿ, ಅವರು ಹೋಗಿ ಸೇರಿದ ಖಾಡಿಯ ಆಚೆ ದಡದಲ್ಲಿ, ಇದರ ಉಲ್ಟಾ ನಡೆಯುತ್ತಿತ್ತು. ಅಲ್ಲಿ ಉಳುವವರ ಕೈಯಿಂದ ನೆಲ ಹೋಗುತ್ತಿತ್ತು.

ಆಗರ ಮತ್ತು ಲಿಂಕ್ಸ್

ಥಾಣೆ ಖಾಡಿ ಎಂದರೆ ಕಡಲು ಒಳನಾಡಿಗೆ ಚಾಚಿದ ಉಪ್ಪುನೀರಿನ ತೋಳು. ಅದರ ಪೂರ್ವ ದಡದಲ್ಲಿ ಆಗ ಇದ್ದುದು ಉಪ್ಪಿನ ಗದ್ದೆ, ಭತ್ತದ ಗದ್ದೆ, ಮೀನುಗಾರರ ಹಳ್ಳಿ, ಕಾಂಡ್ಲಾ ಕಾಡು. ಅಲ್ಲಿನ ಮುಖ್ಯ ಸಮುದಾಯಗಳು ಆಗರಿ ಮತ್ತು ಕೋಳಿ. ‘ಆಗರಿ’ ಎಂಬ ಹೆಸರು ಬಂದದ್ದು ‘ಆಗರ’ದಿಂದ ಎನ್ನುತ್ತಾರೆ. ಕುಮಟಾ ತಾಲ್ಲೂಕಿನ ಸಾಣಿಕಟ್ಟಾದ ಉಪ್ಪಿನಾಗರ ಗೊತ್ತಿರುವ ಕನ್ನಡಿಗರಿಗೆ ಆ ಪದವನ್ನು ವಿವರಿಸಬೇಕಾಗಿಲ್ಲ. ಕೃಷಿಯ ರೀತಿಯೂ ಅಪರಿಚಿತವಲ್ಲ. ಅಘನಾಶಿನಿಯ ಗಜನಿ ಭೂಮಿಯಂತೆ ಇಲ್ಲಿಯೂ ಮಣ್ಣಿನ ಒಡ್ಡು ಕಟ್ಟಿ, ಭರತದ ನೀರನ್ನು ತಡೆದು, ಮಳೆನೀರಿನಿಂದ ಉಪ್ಪು ತೊಳೆದ ಗದ್ದೆಯಲ್ಲಿ ಭತ್ತ ಬೆಳೆಯುತ್ತಿದ್ದರು. ಒಡ್ಡು ಒಡೆದರೆ ಇಡೀ ಬಯಲು ಹಾಳು. ಹೀಗಾಗಿ ಒಡ್ಡಿನ ಕೆಲಸ ಯಾರೊಬ್ಬರದೂ ಅಲ್ಲ, ಊರಿನದು.

ದೂರದಿಂದ ನೋಡುವವರಿಗೆ ಇಂಥ ನೆಲ ಖಾಲಿ ಜಾಗದಂತೆ ಕಾಣುತ್ತದೆ. ವರ್ಷದ ಅರ್ಧ ನೀರು, ಅರ್ಧ ಬಿರುಕುಬಿಟ್ಟ ಕೆಸರು. ಗಾಲ್ಫ್ ಹುಟ್ಟಿದ್ದೂ ಹೀಗೆ ಖಾಲಿ ಎನಿಸಿದ ನೆಲದಲ್ಲೇ. ಸ್ಕಾಟ್ಲೆಂಡಿನಲ್ಲಿ ಕಡಲಿಗೂ ಹೊಲಕ್ಕೂ ನಡುವಿನ, ಉಳಲು ಬಾರದ ಮರಳುದಿಬ್ಬದ ಹುಲ್ಲುಗಾವಲಿಗೆ ‘ಲಿಂಕ್ಸ್’ ಎಂದು ಹೆಸರು. ಕುರಿ ಮೇಯುತ್ತಿದ್ದ, ಜನ ಬಟ್ಟೆ ಒಣಹಾಕುತ್ತಿದ್ದ ಆ ಬಯಲಿನಲ್ಲೇ ಕೋಲು, ಚೆಂಡು ಹಿಡಿದು ಆಡುತ್ತಿದ್ದರು. ಖಾಲಿ ಎಂದರೂ ಅದು ಊರಿನ ಸಾಮಾನ್ಯ ನೆಲ. ಸೇಂಟ್ ಆಂಡ್ರ್ಯೂಸ್‌ನ ಪುರಸಭೆ 1797ರಲ್ಲಿ ಹಣಕ್ಕೆ ಕಷ್ಟವಾಗಿ ತನ್ನ ಲಿಂಕ್ಸನ್ನು ಮಾರಿದಾಗ, ಕೊಂಡ ವ್ಯಾಪಾರಿಗಳು ಅಲ್ಲಿ ಮೊಲ ಸಾಕಿದರು. ಆಡುವವರಿಗೂ ಮೊಲದವರಿಗೂ ಜಗಳ ಹತ್ತಿ ಕೋರ್ಟಿನಲ್ಲಿ ವರ್ಷಗಟ್ಟಲೆ ನಡೆಯಿತು. 1821ರಲ್ಲಿ ಊರಿನ ಪಕ್ಕದ ಜಮೀನುದಾರ, ಗಾಲ್ಫ್ ಆಟಗಾರನೂ ಆಗಿದ್ದ ಜೇಮ್ಸ್ ಚೀಪ್ ಆ ನೆಲವನ್ನು ಕೊಂಡುಕೊಂಡ ಮೇಲೆಯೇ ಆಟ ಉಳಿಯಿತು. ಗಾಲ್ಫಿನ ತವರಿನಲ್ಲೇ ಪ್ರಶ್ನೆ ಇದ್ದುದು ನೆಲ ಯಾರದು ಎಂದು.

ಭಾರತಕ್ಕೆ ಬರುವಾಗ ಆಟ ಸಾಮಾನ್ಯ ನೆಲದ ಗುಣವನ್ನು ಬಿಟ್ಟು ಬೇಲಿಯೊಳಗಿನ ಕ್ಲಬ್ಬಾಗಿ ಬಂತು. ಕಲ್ಕತ್ತೆಯಲ್ಲಿ 1829, ಬೆಂಗಳೂರಿನಲ್ಲಿ 1876. ಮುಂಬಯಿಯಲ್ಲಿ ಬಿಳಿಯರ ಕ್ಲಬ್ಬುಗಳು ಭಾರತೀಯರನ್ನು ಸೇರಿಸುತ್ತಿರಲಿಲ್ಲವಾದ್ದರಿಂದ ಗವರ್ನರ್ ವಿಲಿಂಗ್ಡನ್ ಹೆಸರಿನ ಕ್ಲಬ್ಬು 1918ರಲ್ಲಿ ಇಬ್ಬರಿಗೂ ತೆರೆಯಿತು. 1927ರಲ್ಲಿ ಚೆಂಬೂರಿನಲ್ಲಿ ಬಾಂಬೆ ಪ್ರೆಸಿಡೆನ್ಸಿ ಗಾಲ್ಫ್ ಕ್ಲಬ್ ಬಂತು. ನವಿ ಮುಂಬಯಿಯ ಕಡೆ ಇಳಿದುಕೊಂಡವರಿಗೆ ವಾಶಿ ಸೇತುವೆ ದಾಟಿದರೆ ಇಂದಿಗೂ ಅದೇ ಹತ್ತಿರದ ಹಳೆಯ ಮೈದಾನ. ಆದರೆ ಅಲ್ಲಿ ಆಡಲು ಸದಸ್ಯತ್ವವೋ ಸದಸ್ಯರ ಪರಿಚಯವೋ ಬೇಕು.

95 ಹಳ್ಳಿ, ಒಂದು ನಗರ

1960ರ ದಶಕದ ಮಧ್ಯದಲ್ಲಿ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ ಮತ್ತು ಶಿರೀಷ್ ಪಟೇಲ್ ಎಂಬ ಮೂವರು ಒಂದು ಸಲಹೆ ಮುಂದಿಟ್ಟರು. ಮುಂಬಯಿ ಉತ್ತರಕ್ಕೆ ಉದ್ದುದ್ದ ಬೆಳೆಯುವ ಬದಲು ಖಾಡಿಯ ಆಚೆ, ಪೂರ್ವದ ದಡದಲ್ಲಿ ಇನ್ನೊಂದು ನಗರ ಕಟ್ಟಬೇಕು ಎಂಬುದು ಅದರ ತಿರುಳು. 1970ರ ಮಾರ್ಚ್‌ನಲ್ಲಿ ಮಹಾರಾಷ್ಟ್ರ ಸರಕಾರ ಇದಕ್ಕೆಂದೇ ಸಿಡ್ಕೊ ಸಂಸ್ಥೆಯನ್ನು ಸ್ಥಾಪಿಸಿತು. 95 ಹಳ್ಳಿಗಳ, ಸುಮಾರು 344 ಚದರ ಕಿಲೋಮೀಟರ್ ಪ್ರದೇಶ ಯೋಜನೆಯೊಳಗೆ ಬಂತು. ಹೊಸ ನಗರದ ಲೆಕ್ಕಾಚಾರ ಸರಳವಾಗಿತ್ತು: ಹೊಲದ ಬೆಲೆಗೆ ನೆಲ ಕೊಂಡು, ರಸ್ತೆ, ನೀರು, ಚರಂಡಿ ಮಾಡಿ, ನಗರದ ಬೆಲೆಗೆ ಮಾರಿ, ಆ ಲಾಭದಿಂದಲೇ ನಗರ ಕಟ್ಟುವುದು. ನಗರದ ಖರ್ಚನ್ನು ನೆಲವೇ ಹುಟ್ಟಿಸಿಕೊಳ್ಳಬೇಕು ಎಂಬ ಈ ಯೋಚನೆ ಕಾಗದದ ಮೇಲೆ ಚೆಂದವಾಗಿತ್ತು. ಎರಡು ಬೆಲೆಗಳ ನಡುವಿನ ವ್ಯತ್ಯಾಸವನ್ನು ಕೊಟ್ಟವರು ಆಗರಿ, ಕೋಳಿ ರೈತರು.

ಅವರ ಪರ ನಿಂತ ನಾಯಕ ರೈತ ಕಾಮಗಾರ ಪಕ್ಷದ ದಿ. ಬಾ. ಪಾಟೀಲ್. 1984ರ ಜನವರಿ 16 ಮತ್ತು 17ರಂದು ಉರಣ ತಾಲ್ಲೂಕಿನ ಜಾಸಯಿ ಸುತ್ತಮುತ್ತ ರೈತರು ರಸ್ತೆಗಿಳಿದಾಗ ಪೊಲೀಸರು ಗುಂಡು ಹಾರಿಸಿದರು. ಐವರು ಸತ್ತರು. ಆ ಹೋರಾಟದ ಫಲವಾಗಿ, 1990ರ ದಶಕದಲ್ಲಿ, ಸ್ವಾಧೀನವಾದ ನೆಲದ ಶೇ. 12.5ರಷ್ಟನ್ನು ಅಭಿವೃದ್ಧಿಪಡಿಸಿದ ನಿವೇಶನವಾಗಿ ಮೂಲ ರೈತರಿಗೆ ಹಿಂದಿರುಗಿಸುವ ಯೋಜನೆ ಜಾರಿಗೆ ಬಂತು. ಹೊಲಕ್ಕೆ ಬದಲು ದುಡ್ಡು ಮಾತ್ರ ಸಾಲದು, ಬರಲಿರುವ ನಗರದಲ್ಲಿ ಪಾಲು ಬೇಕು ಎಂಬ ಅವರ ವಾದ ಸರಕಾರದ ಕಾಗದಕ್ಕೆ ಇಳಿಯಿತು. 2021ರಲ್ಲಿ ಹೊಸ ವಿಮಾನ ನಿಲ್ದಾಣಕ್ಕೆ ಪಾಟೀಲರ ಹೆಸರಿಡಬೇಕೆಂದು ಸಾವಿರಾರು ಜನ ಮತ್ತೆ ಬೀದಿಗೆ ಬಂದದ್ದು ಈ ನೆನಪು ಆರಿಲ್ಲವೆಂಬುದನ್ನು ತೋರಿಸಿತು. 2025ರಲ್ಲಿ ತೆರೆದ ಆ ನಿಲ್ದಾಣಕ್ಕಾಗಿ ಹತ್ತು ಹಳ್ಳಿಗಳು ಜಾಗ ಬಿಟ್ಟಿವೆ.

ಖಾರ್‌ಘರ್ ಕಣಿವೆಯ ಗಾಲ್ಫ್ ಮೈದಾನವನ್ನು ಮಾಡಿದ್ದೂ ಸಿಡ್ಕೊ. ಬೆಟ್ಟಗಳ ಮಡಿಲಿನಲ್ಲಿ 103 ಹೆಕ್ಟೇರ್ ವಿಸ್ತಾರ. ಮೊದಲ ಹಂತದಲ್ಲಿ 11 ಹೋಲ್‌ಗಳು, 18ಕ್ಕೆ ಏರಿಸುವ ಯೋಜನೆ. ಸದಸ್ಯರಲ್ಲದವರೂ ಶುಲ್ಕ ಕೊಟ್ಟು ಆಡಬಹುದಾದ ಮೈದಾನ ಎಂಬುದು ಇದರ ವಿಶೇಷ. ಗಾಲ್ಫಿನ ಮಟ್ಟಿಗೆ ಇದನ್ನು ಕಡೆಗಣಿಸುವಂತಿಲ್ಲ. ಕ್ಲಬ್ಬಿನ ಬೇಲಿಯೊಳಗೆ ಸೇರಿಹೋದ ಆಟವನ್ನು ಒಂದು ಸಾರ್ವಜನಿಕ ಸಂಸ್ಥೆ ಹೊರಗೆ ತಂದಿದೆ. ಪಕ್ಕದಲ್ಲೇ ಸೆಂಟ್ರಲ್ ಪಾರ್ಕ್ ಇದೆ, ಮಳೆಗಾಲದಲ್ಲಿ ನೂರು ಮೀಟರಿಗೂ ಎತ್ತರದಿಂದ ಧುಮುಕುವ ಪಾಂಡವಕಡಾ ಜಲಪಾತವಿದೆ. 2023ರ ನವೆಂಬರ್‌ನಲ್ಲಿ ಬೇಲಾಪುರ–ಪೇಂಧರ್ ಮೆಟ್ರೊ ಆರಂಭವಾದ ಮೇಲೆ ಬೇಲಾಪುರದಲ್ಲಿ ಇಳಿದುಕೊಂಡವರಿಗೆ ಖಾರ್‌ಘರ್ ಇನ್ನೂ ಹತ್ತಿರ. ಆದರೆ ಶುಲ್ಕ ಕೊಟ್ಟವರೆಲ್ಲ ಬರಬಹುದು ಎಂಬುದಕ್ಕೂ ಎಲ್ಲರದೂ ಎಂಬುದಕ್ಕೂ ನಡುವೆ ದೂರವಿದೆ. ಆ ದೂರ ಎಷ್ಟೆಂಬುದನ್ನು ಇನ್ನೊಂದು ಗಾಲ್ಫ್ ಮೈದಾನ, ಇನ್ನೂ ಹುಟ್ಟದೇ ಇರುವ ಮೈದಾನ, ತೋರಿಸಿಕೊಟ್ಟಿತು.

ನೆರೂಳಿನ ಕೆಸರು

ನೆರೂಳ್ ಬಳಿ, ಖಾಡಿಯ ಅಂಚಿನಲ್ಲಿ, ಭರತ ಬಂದಾಗ ತುಂಬಿ ಇಳಿತಕ್ಕೆ ಬರಿದಾಗುವ ಜವುಗು ನೆಲವಿದೆ. ಸಿಡ್ಕೊದ ನಕ್ಷೆಯಲ್ಲಿ ಅಲ್ಲಿ ಗಾಲ್ಫ್ ಮೈದಾನವೂ ವಸತಿ ಕಟ್ಟಡಗಳೂ ಬರಬೇಕಿತ್ತು. ನಿವಾಸಿಗಳು ಮತ್ತು ಪರಿಸರದವರು ಬಾಂಬೆ ಹೈಕೋರ್ಟಿಗೆ ಹೋದರು. ಇದು ಜವುಗು ಪ್ರದೇಶವೇ ಅಲ್ಲ ಎಂಬ ವಾದವೂ ನಡೆಯಿತು. 2018ರ ನವೆಂಬರ್‌ನಲ್ಲಿ ಹೈಕೋರ್ಟ್, ಈ ಬಳಕೆಗೆ ದಾರಿ ಮಾಡಿದ್ದ ನಕ್ಷೆಯ ಬದಲಾವಣೆಯನ್ನು ರದ್ದುಮಾಡಿತು. ವಿವಾದ ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು.

ಆ ಕೆಸರಿಗೆ ಇನ್ನೊಂದು ಬಗೆಯ ಪ್ರವಾಸಿಗಳು ಬರುತ್ತಾರೆ. ಕಛ್ ಕಡೆಯಿಂದ ಫ್ಲೆಮಿಂಗೊಗಳು ಚಳಿಗಾಲದ ಆರಂಭದಿಂದ ಬಂದಿಳಿದು, ಮಳೆ ಹತ್ತಿರವಾದಂತೆ ಹೊರಡುತ್ತವೆ. ಖಾಡಿಯಲ್ಲಿ ಅವು ದೊಡ್ಡ ಸಂಖ್ಯೆಯಲ್ಲಿ ಕಾಣಿಸತೊಡಗಿದ್ದು 1990ರ ದಶಕದಿಂದ. ಇಳಿತದಲ್ಲಿ ಕೆಸರು ತೆರೆದುಕೊಂಡಾಗ ಅವು ಖಾಡಿಯ ನಡುವೆ ಮೇಯುತ್ತವೆ. ಭರತ ಏರಿ ಕೆಸರು ಮುಳುಗಿದಾಗ ಅವಕ್ಕೂ ತಂಗಲು ಒಂದು ಜಾಗ ಬೇಕು. ನೆರೂಳಿನ ಜವುಗು ನೆಲ ಮತ್ತು ಕೆರೆಗಳು ಆ ತಂಗುದಾಣ. 2015ರಲ್ಲಿ ಮಹಾರಾಷ್ಟ್ರ ಸರಕಾರ ಖಾಡಿಯ ಸುಮಾರು 1,690 ಹೆಕ್ಟೇರನ್ನು ಫ್ಲೆಮಿಂಗೊ ಅಭಯಾರಣ್ಯ ಎಂದು ಘೋಷಿಸಿತು. 2022ರಲ್ಲಿ ಅದು ರಾಮ್ಸಾರ್ ಪಟ್ಟಿಗೂ ಸೇರಿತು. ನೆರೂಳಿನ ಜಾಗ ಆ ಗಡಿಯ ಹೊರಗೆ. ಊಟದ ಮನೆಗೆ ರಕ್ಷಣೆ ಸಿಕ್ಕಿತು, ಮಲಗುವ ಕೋಣೆಯ ವಿಷಯ ಕೋರ್ಟಿನಲ್ಲಿ ಉಳಿಯಿತು.

ಇಲ್ಲಿ ಗಾಲ್ಫನ್ನು ಖಳನಾಯಕನಾಗಿಸುವುದು ಸುಲಭ, ಆದರೆ ಪೂರ್ತಿ ಸರಿಯಲ್ಲ. ಗಾಲ್ಫ್ ಇಲ್ಲದಿದ್ದರೆ ಅದೇ ನೆಲಕ್ಕೆ ಕಟ್ಟಡವೋ ರಸ್ತೆಯೋ ಬರುತ್ತಿತ್ತು. ಪ್ರಶ್ನೆ ಇರುವುದು ‘ಖಾಲಿ’ ಎಂಬ ಮಾತಿನಲ್ಲಿ. ಲಿಂಕ್ಸ್ ಕುರಿ ಕಾಯುವವರಿಗೆ ಖಾಲಿಯಾಗಿರಲಿಲ್ಲ. ಆಗರ ಆಗರಿಗಳಿಗೆ ಖಾಲಿಯಾಗಿರಲಿಲ್ಲ. ಕೆಸರು ಹಕ್ಕಿಗಳಿಗೆ ಖಾಲಿಯಲ್ಲ. ನಕ್ಷೆ ಬರೆಯುವವರ ಮೇಜಿನ ಮೇಲೆ ಮಾತ್ರ ಮೂರೂ ಖಾಲಿ.

ಮೂರು ದಿನದ ಲೆಕ್ಕ

ಪ್ರವಾಸ ಬೇಡ ಎನ್ನುವುದು ಈ ಚರಿತ್ರೆಯ ಪಾಠವಲ್ಲ. ಹೋಗುವವರಿಗೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆ ಬಿಟ್ಟಿರುತ್ತದೆ, ಹುಲ್ಲು ಹಸಿರಾಗಿರುತ್ತದೆ, ಚಳಿಗಾಲ ಬಲಿತಂತೆ ಹಕ್ಕಿಗಳ ಸಂಖ್ಯೆಯೂ ಏರುತ್ತದೆ. ಗಾಲ್ಫ್ ಬೆಳಿಗ್ಗೆ ಬೇಗ ಮುಗಿಸುವುದು ಲೇಸು, ಕೊಂಕಣದ ಸೆಕೆ ಚಳಿಗಾಲದಲ್ಲೂ ಹತ್ತು ಗಂಟೆಗೇ ಏರುತ್ತದೆ. ಐರೋಲಿಯಲ್ಲಿ ಅರಣ್ಯ ಇಲಾಖೆಯ ಕೇಂದ್ರದಿಂದ ಹೊರಡುವ ದೋಣಿ ಭರತ, ಇಳಿತ ನೋಡಿಕೊಂಡು ಹೊರಡುತ್ತದೆ, ಗಡಿಯಾರ ನೋಡಿಕೊಂಡಲ್ಲ. ಹಾಗಾಗಿ ಮೊದಲ ದಿನದ ಯೋಜನೆಯನ್ನು ಆ ದಿನದ ಭರತದ ವೇಳೆ ತಿಳಿದ ಮೇಲೆಯೇ ಹಾಕಬೇಕು. ಗಾಲ್ಫಿಗೆ ಬೇಲಾಪುರ, ಖಾರ್‌ಘರ್ ಕಡೆ ಉಳಿಯುವುದು ಅನುಕೂಲ. ಕನ್ಹೇರಿ ಮತ್ತು ಅಂಬರನಾಥಕ್ಕೆ ಥಾಣೆ. ಎರಡೂ ಕಡೆ ಒಂದೊಂದು ರಾತ್ರಿ ಹಂಚಿಕೊಂಡರೆ ದಾರಿಯಲ್ಲಿ ಕಳೆಯುವ ಹೊತ್ತು ಉಳಿಯುತ್ತದೆ.

ಕನ್ಹೇರಿಗೆ ಸೋಮವಾರ ರಜೆ, ಪ್ರವೇಶ ಬೊರಿವಲಿ ಬಾಗಿಲಿನಿಂದ. ಅಂಬರನಾಥಕ್ಕೆ ಕಲ್ಯಾಣ ದಾಟಿ ಮೂರನೆಯ ನಿಲ್ದಾಣದಲ್ಲಿ ಇಳಿಯಬೇಕು. ವಾಲಧುನಿ ನದಿಯ ಪಕ್ಕದ ಈ ಗುಡಿಯಲ್ಲಿ ಶಕ 982ರ, ಎಂದರೆ 1060ರ, ಶಿಲಾಹಾರ ಮಮ್ವಾಣಿಯ ಶಾಸನವಿದೆ. ಗರ್ಭಗುಡಿಗೆ ಮೆಟ್ಟಿಲು ಹತ್ತುವುದಿಲ್ಲ, ಇಳಿಯುತ್ತಾರೆ. ಭಾದಾಣೆಯ ತಾಮ್ರಪಟದಲ್ಲಿ ರಾಷ್ಟ್ರಕೂಟರಿಗಾಗಿ ಮರುಗಿದ ಅಪರಾಜಿತನ ವಂಶದವರೇ ಇದನ್ನು ಕಟ್ಟಿದವರು.

ನಾಲ್ಕನೆಯ ಅರ್ಧ ದಿನ ಕೈಯಲ್ಲಿದ್ದರೆ ಬೇಲಾಪುರದಿಂದ ಉರಣಕ್ಕೆ 2024ರ ಜನವರಿಯಿಂದ ಲೋಕಲ್ ಇದೆ. ಕಿಟಕಿಯ ಎರಡೂ ಕಡೆ ಒಡ್ಡು ಒಡೆದ ಗದ್ದೆ, ಕಾಂಡ್ಲಾ, ಹೊಸ ಕಟ್ಟಡಗಳ ಕ್ರೇನುಗಳು ಒಂದಾದ ಮೇಲೊಂದು ಬರುತ್ತವೆ. ಗುಂಡೇಟಿಗೆ ಸತ್ತ ಐವರನ್ನು ಜಾಸಯಿ ಸೀಮೆಯ ಜನ ಪ್ರತಿ ಜನವರಿಯ 16 ಮತ್ತು 17ರಂದು ನೆನೆಯುತ್ತಾರೆ. ಗಾಲ್ಫ್ ಆಡಲು, ಫ್ಲೆಮಿಂಗೊ ನೋಡಲು ಹೇಳಿ ಮಾಡಿಸಿದ ತಿಂಗಳೂ ಜನವರಿಯೇ.